ದಡದಿಂದ ಎರೆ ಹಾಕಿ ಹಿಡಿಯಲು ಕಡಿಮೆ ಖರ್ಚಿನ ರಾಡ್, ರೀಲ್: ಯಾವುದು ತಗೊಳ್ಳಲಿ?

ಹೊಸಗಾಳ

ಎಲ್ಲರಿಗೂ ನಮಸ್ಕಾರ. ಹೊಳೆಯಲ್ಲಿ 7 ಅಡಿ ರಾಡ್ ಹಿಡಿದು ಅಭ್ಯಾಸ ಇದೆ, ಕಡಲ ದಡ ಹೊಸದು. ಅಲೆ ಒಡೆಯುವ ಜಾಗಕ್ಕೆ ಎರೆ ಎಸೆದು ಕಾದು ಕೂರಬೇಕು ಅಂತ ಆಸೆ. ಲ್ಯೂರ್ (ನಕಲಿ ಎರೆ) ಸದ್ಯಕ್ಕೆ ಬೇಡ. ಸಿಗಡಿ, ಬೊಂಡಾಸ, ಬೂತಾಯಿ ತುಂಡು, ಅಷ್ಟೇ. ರಾಡ್, ರೀಲ್ ಎರಡನ್ನೂ ಹೊಸದಾಗಿ ತಗೊಳ್ಳಬೇಕು, ಬಜೆಟ್ ಮಾತ್ರ ಬಿಗಿ. ಹುಡುಕುತ್ತಾ ಹೋದಷ್ಟೂ ತಲೆ ಕೆಡುತ್ತಿದೆ. ಒಬ್ಬರು 10 ಅಡಿ ಸಾಕು ಅನ್ನುತ್ತಾರೆ, ಇನ್ನೊಬ್ಬರು 14 ಅಡಿಗಿಂತ ಕಮ್ಮಿ ಇದ್ದರೆ ದಂಡ ಅನ್ನುತ್ತಾರೆ. ರೀಲ್ ಗಾತ್ರ 4000 ಸಾಕಾ, 10000 ಬೇಕಾ? ಇರುವ ದುಡ್ಡಿನಲ್ಲಿ ದೊಡ್ಡ ಪಾಲು ರಾಡ್‌ಗೆ ಹೋಗಬೇಕಾ, ರೀಲ್‌ಗಾ?

ಸೀಸದಗುಂಡು

ಉದ್ದ, ಕಂಪನಿ, ನಂಬರ್ ಎಲ್ಲ ಆಮೇಲೆ. ಮೊದಲು ತಿಳಿಯಬೇಕಾದ್ದು ಒಂದೇ: ನೀವು ನಿಲ್ಲುವ ದಡದಲ್ಲಿ ಎಷ್ಟು ತೂಕದ ಸೀಸ (ಎರೆ ತಳದಲ್ಲಿ ನಿಲ್ಲಲು ಲೈನಿಗೆ ಕಟ್ಟುವ ಭಾರ) ಜಾಗ ಬಿಡದೆ ಕೂರುತ್ತದೆ? ಅದು ಗೊತ್ತಾದರೆ ಯಾವ ರಾಡ್ ಅಂತ ಗೊತ್ತಾಗುತ್ತದೆ, ರಾಡ್ ಗೊತ್ತಾದರೆ ರೀಲ್.

ಲ್ಯೂರ್ ಎಸೆಯುವವರಿಗೆ ಈ ತಲೆನೋವು ಇಲ್ಲ, ಎಸೆದು ತಕ್ಷಣ ಸುತ್ತಿಕೊಳ್ಳುತ್ತಾರೆ. ಎರೆ ಹಾಗಲ್ಲ, ಬಿದ್ದ ಜಾಗದಲ್ಲೇ ಇರಬೇಕು. ದಡದ ಉದ್ದಕ್ಕೂ ನೀರು ಅಡ್ಡ ಎಳೆಯುತ್ತಲೇ ಇರುತ್ತದೆ, ಆ ಎಳೆತ ಬೀಳುವುದು ಸೀಸದ ಮೇಲಷ್ಟೇ ಅಲ್ಲ, ನೀರಿನೊಳಗಿರುವ ಅಷ್ಟೂ ಲೈನ್ ಮೇಲೆ. ಸೀಸ ಹಗುರವಾದರೆ ಎರೆ ಉರುಳಿಕೊಂಡು ಬಂದು ನಿಮ್ಮ ಕಾಲ ಬುಡದ ಮರಳಲ್ಲಿ ಸಿಗುತ್ತದೆ. ಸಣ್ಣ ಅಲೆಯ ದಡಕ್ಕೆ 60ರಿಂದ 85 ಗ್ರಾಂ ಸಾಕು. ಮಾಮೂಲಿ ಅಲೆಗೆ 100ರಿಂದ 150. ಅಡ್ಡ ಸೆಳೆತ ಜೋರಿದ್ದರೆ 170 ಅಥವಾ ತಂತಿ ಕೊಕ್ಕೆ ಇರುವ ಸೀಸ. ಆ ತಂತಿ ಮರಳಿಗೆ ಕಚ್ಚಿಕೊಳ್ಳುತ್ತದೆ, ನೀವು ಜೋರಾಗಿ ಎಳೆದಾಗ ಮಡಚಿ ಬಿಡಿಸಿಕೊಳ್ಳುತ್ತದೆ. ಬರೀ ಮರಳಿನ ತಳಕ್ಕೆ ಪಿರಮಿಡ್ ಆಕಾರದ ಸೀಸ ಚೆನ್ನಾಗಿ ಕೂರುತ್ತದೆ. ಉರುಟು ಗುಂಡು ಉರುಳುತ್ತದೆ.

ಈಗ ರಾಡ್ ನೋಡಿ. ಹಿಡಿಯ ಮೇಲ್ಭಾಗದಲ್ಲಿ ಎಷ್ಟು ತೂಕ ಎಸೆಯಬಹುದು ಅಂತ ಬರೆದಿರುತ್ತಾರೆ. 3–6 ಔನ್ಸ್ ಅಂದರೆ ಸುಮಾರು 85–170 ಗ್ರಾಂ. ತುಂಬಾ ಜನ ಇದು ಸೀಸದ ತೂಕ ಮಾತ್ರ ಅಂದುಕೊಳ್ಳುತ್ತಾರೆ. ಎರೆಯ ತೂಕವೂ ಸೇರುತ್ತದೆ. 4 ಔನ್ಸ್ ಸೀಸ 113 ಗ್ರಾಂ, ಅದಕ್ಕೆ 50 ಗ್ರಾಂ ಬೂತಾಯಿ ತುಂಡು ಸೇರಿಸಿ, 163 ಆಯಿತು. ಮಿತಿಗೆ ಬಂದೇ ಬಿಟ್ಟಿರಿ. ಅದರಲ್ಲೂ ಅಗ್ಗದ ರಾಡ್‌ಗಳ ಮೇಲಿನ ದೊಡ್ಡ ನಂಬರನ್ನು ನಾನು ಪೂರ್ತಿ ನಂಬುವುದಿಲ್ಲ. ನೀವು ದಿನಾ ಎಸೆಯುವ ಒಟ್ಟು ತೂಕ ಆ ಎರಡು ನಂಬರ್‌ಗಳ ನಡುವೆ ಎಲ್ಲೋ ಬರಬೇಕು, ತುದಿಯಲ್ಲಿ ಅಲ್ಲ.

ಉದ್ದ 10ರಿಂದ 12 ಅಡಿ. ನಿಮ್ಮಂಥ ಹೊಸಬರಿಗೆ 11 ಅಡಿ ಹೇಳುತ್ತೇನೆ.

ಹೊಸಗಾಳ

ಕೊಳ್ಳುವ ಮೊದಲೇ ಸೀಸದ ತೂಕ ತಿಳಿಯುವುದು ಹೇಗೆ? ಎಸೆದು ನೋಡಲು ರಾಡ್ ಇಲ್ವಲ್ಲ.

ಸೀಸದಗುಂಡು

ಬರಿಗೈಯಲ್ಲಿ ಹೋಗಿ. ನೀರು ಇಳಿದಾಗ ಒಮ್ಮೆ, ಉಬ್ಬರ ಏರುವಾಗ ಒಮ್ಮೆ. ಅಲ್ಲಿ ಎರೆ ಹಾಕಿ ನಿಂತವರು ಏನು ಕಟ್ಟಿದ್ದಾರೆ ಅಂತ ಕೇಳಿ, ಇದನ್ನು ಯಾರೂ ಗುಟ್ಟು ಮಾಡುವುದಿಲ್ಲ. ಯಾರೂ ಇಲ್ಲದಿದ್ದರೆ ನೊರೆ ನೋಡಿ. ಅಲೆ ಒಡೆದ ಮೇಲೆ ನೊರೆ ನೇರ ದಡಕ್ಕೆ ಬರುತ್ತಿದ್ದರೆ ಸೆಳೆತ ಕಮ್ಮಿ. ನೀವು ನಡೆಯುವಷ್ಟು ವೇಗದಲ್ಲಿ ಪಕ್ಕಕ್ಕೆ ಹೋಗುತ್ತಿದ್ದರೆ ಭಾರದ ಸೀಸ ಬೇಕೇ ಬೇಕು.

ತೆರೆಯಾಚೆ

ನನ್ನದು ಬೇರೆ ಅಭಿಪ್ರಾಯ. ದಡದ ಮೀನುಗಾರಿಕೆ ಅಂದರೆ ದೂರ. 13–14 ಅಡಿ ರಾಡ್, ಅಗಲ ಸ್ಪೂಲಿನ (ಲೈನ್ ಸುತ್ತುವ ಉರುಳೆಯ) ದೊಡ್ಡ ರೀಲ್, ತೆಳು ಲೈನ್. ಒಂದೇ ಸಲ ಸರಿಯಾದದ್ದು ತಗೊಂಡರೆ ಮತ್ತೆ ಬದಲಾಯಿಸುವ ಖರ್ಚಿಲ್ಲ. ಅಲೆಯ ಆಚೆ ಎರೆ ಬಿದ್ದವನಿಗೇ ಮೀನು. ಉದ್ದ ರಾಡ್ ಇದ್ದರೆ ಲೈನ್ ಒಡೆಯುವ ಅಲೆಯ ಮೇಲೆಯೇ ನಿಲ್ಲುತ್ತದೆ, ಅದೂ ಒಂದು ಲಾಭ.

ಸೀಸದಗುಂಡು

ಲೈನ್ ಎತ್ತರದಲ್ಲಿ ನಿಲ್ಲುವ ಮಾತು ನಿಜ, ಒಪ್ಪುತ್ತೇನೆ. ಆದರೆ ದೂರವೇ ಎಲ್ಲ ಅನ್ನುವುದು ಸರಿಯಲ್ಲ. ಮರಳಿನ ದಡದಲ್ಲಿ ದಡಕ್ಕೂ ಮೊದಲ ಮರಳು ದಿಬ್ಬಕ್ಕೂ ನಡುವೆ ಒಂದು ತಗ್ಗು ಇರುತ್ತದೆ. ಅಲೆ ದಿಬ್ಬದ ಮೇಲೆ ಒಡೆಯುತ್ತದೆ, ತಗ್ಗಿನ ಮೇಲೆ ನೀರು ಸುಮ್ಮನಾಗಿ ಸ್ವಲ್ಪ ಕಪ್ಪಾಗಿ ಕಾಣುತ್ತದೆ, ಮತ್ತೆ ದಡದ ಅಂಚಿಗೆ ಬಂದು ಒಡೆಯುತ್ತದೆ. ಅಲೆ ಕೆದಕಿದ ಏಡಿ, ಹುಳ, ಸಿಗಡಿ ಎಲ್ಲ ಆ ತಗ್ಗಿಗೆ ಬಂದು ಬೀಳುತ್ತವೆ. ಮೀನು ಅದರ ಉದ್ದಕ್ಕೇ ಓಡಾಡುತ್ತದೆ. ಎಷ್ಟೋ ಕಡೆ ಇದು ದಡದಿಂದ 20–40 ಮೀಟರ್ ಅಷ್ಟೇ. ಮುಂಜಾನೆ, ಮುಸ್ಸಂಜೆ, ನೀರು ಏರುವ ಹೊತ್ತಲ್ಲಿ ಮೀನು ಇನ್ನೂ ಹತ್ತಿರ. 100 ಮೀಟರ್ ಎಸೆಯುವವರ ಎರೆ ಮೀನನ್ನು ದಾಟಿ ಹೋಗಿ ಕೂತಿರುತ್ತದೆ.

ಇನ್ನೊಂದು. 14 ಅಡಿಯ ಒಳ್ಳೆ ರಾಡ್ ಅಗ್ಗಕ್ಕೆ ಸಿಗುವುದಿಲ್ಲ. ಅಗ್ಗಕ್ಕೆ ಸಿಗುವ 14 ಅಡಿ ಭಾರ ಇರುತ್ತದೆ, ಎಸೆದ ಮೇಲೂ ತುದಿ ತೂಗಾಡುತ್ತಲೇ ಇರುತ್ತದೆ. ಅದನ್ನು ಬಗ್ಗಿಸಿ ಎಸೆಯಲು ಮೈಯಲ್ಲಿ ಕಸುವೂ ಬೇಕು, ಎಸೆತದ ಪಳಗಿಕೆಯೂ ಬೇಕು. ಅದೇ ಬೆಲೆಗೆ 11 ಅಡಿಯ ಎಷ್ಟೋ ಒಳ್ಳೆ ರಾಡ್ ಬರುತ್ತದೆ, ಹೊಸಬರು ಅದರಲ್ಲೇ ಜಾಸ್ತಿ ದೂರ ಎಸೆಯುತ್ತಾರೆ.

ತೆರೆಯಾಚೆ

ತಗ್ಗೇ ಇಲ್ಲದ ಚಪ್ಪಟೆ ದಡದಲ್ಲಿ ಏನು ಮಾಡುತ್ತೀರಿ? ಮೊಣಕಾಲು ನೀರು 80 ಮೀಟರ್ ತನಕ ಇರುತ್ತದೆ.

ಸೀಸದಗುಂಡು

ಅಲ್ಲಿ ನಿಮ್ಮ ಮಾತೇ ಸರಿ, 13 ಅಡಿ ಬೇಕು. ಅದಕ್ಕೇ ಮೊದಲು ದಡ ನೋಡಿ ಅಂದದ್ದು.

ಉಪ್ಪುನೀರು

ರೀಲ್ ಬಗ್ಗೆ ನಾನು ಬರೆಯುತ್ತೇನೆ, ಯಾಕೆಂದರೆ ದಡದಲ್ಲಿ ಮೊದಲು ಕೈಕೊಡುವುದು ರಾಡ್ ಅಲ್ಲ, ರೀಲ್. ದುಡ್ಡಿನ ದೊಡ್ಡ ಪಾಲು ಇಲ್ಲಿಗೇ ಹಾಕಿ. ಮಧ್ಯಮ ದರ್ಜೆಯ ರಾಡ್ ವರ್ಷಗಟ್ಟಲೆ ಎರೆ ಎಸೆಯುತ್ತದೆ. ಕಳಪೆ ರೀಲ್‌ಗೆ ಉಪ್ಪು ಮರಳು ಒಂದು ಹಂಗಾಮು ಸಾಕು.

ನಿಮಗೆ ಬೇಕಾದ್ದು ಸ್ಪಿನ್ನಿಂಗ್ ರೀಲ್, ಅಂದರೆ ಸ್ಪೂಲ್ ತಿರುಗದೆ ಲೈನ್ ಸುಮ್ನೆ ಬಿಚ್ಚಿಕೊಂಡು ಹೋಗುವ ಥರದ್ದು. ಎಸೆಯುವಾಗ ಸ್ಪೂಲೇ ತಿರುಗುವ ಮಲ್ಟಿಪ್ಲೈಯರ್ ರೀಲ್ ಆಮೇಲೆ ನೋಡಿ. ಅದರಲ್ಲಿ ಹೆಬ್ಬೆರಳು ಒಂದು ಕ್ಷಣ ತಪ್ಪಿದರೆ ಲೈನ್ ಗೋಜಲಾಗುತ್ತದೆ, ಕತ್ತಲಲ್ಲಿ ಬಿಡಿಸುವುದು ಯಾರಿಗೂ ಬೇಡ.

ಗಾತ್ರಕ್ಕೆ 5000, 6000, ಹೆಚ್ಚೆಂದರೆ 8000. ಆದರೆ ಈ ನಂಬರ್‌ಗೆ ಎಲ್ಲ ಕಂಪನಿಗೂ ಒಂದೇ ಅಳತೆ ಇಲ್ಲ, ಪೆನ್ 5000 ಬೇರೆ, ಶಿಮಾನೋ 5000 ಬೇರೆ. ಸ್ಪೂಲಿನ ಮೇಲೆ ಅಥವಾ ಡಬ್ಬಿಯ ಮೇಲೆ ಎಷ್ಟು ದಪ್ಪದ ಲೈನ್ ಎಷ್ಟು ಮೀಟರ್ ಹಿಡಿಯುತ್ತದೆ ಅಂತ ಬರೆದಿರುತ್ತದೆ, ಅದನ್ನು ನೋಡಿ. 0.35 ಮಿ.ಮೀ. ಮೋನೋ (ಒಂದೇ ಎಳೆಯ ನೈಲಾನ್ ಲೈನ್) 250 ಮೀಟರ್ ಹಿಡಿದರೆ ನಿಮ್ಮ ಕೆಲಸಕ್ಕೆ ಧಾರಾಳ.

ಬೇರಿಂಗ್ ಎಷ್ಟಿದೆ ಅನ್ನುವುದಕ್ಕೆ ಮರುಳಾಗಬೇಡಿ. ಹತ್ತು ಕಳಪೆ ಬೇರಿಂಗ್ ಅಂದರೆ ತುಕ್ಕು ಹಿಡಿಯಲು ಹತ್ತು ಜಾಗ. ಗೇರ್ ವೇಗವೂ ಎರೆಗೆ ಮುಖ್ಯವಲ್ಲ, 4.5:1ರಿಂದ 5.3:1ರ ತನಕ ಯಾವುದಾದರೂ ನಡೆಯುತ್ತದೆ. 15 ಕಿಲೋ ಡ್ರ್ಯಾಗ್ (ಮೀನು ಎಳೆದಾಗ ಲೈನ್ ಬಿಟ್ಟುಕೊಡುವ ಬ್ರೇಕ್) ಅಂತ ದೊಡ್ಡದಾಗಿ ಬರೆದಿರುತ್ತಾರೆ, ಅದೂ ಬೇಕಿಲ್ಲ. ಲೈನ್ ತಡೆಯುವ ಬಲದ ಕಾಲು ಭಾಗಕ್ಕೆ ಡ್ರ್ಯಾಗ್ ಇಡುವುದು ರೂಢಿ. 20 ಪೌಂಡ್ ಲೈನ್ ಅಂದರೆ 9 ಕಿಲೋ, ಅದರ ಕಾಲು ಭಾಗ 2 ಕಿಲೋ ಚಿಲ್ಲರೆ. ಬೇಕಾದ್ದು ಬಲ ಅಲ್ಲ, ನುಣುಪು.

ಅದನ್ನು ಅಂಗಡಿಯಲ್ಲೇ ನೋಡಬಹುದು. ಜೇಬಲ್ಲಿ ಒಂದಷ್ಟು ಹಳೇ ಮೋನೋ ಇಟ್ಟುಕೊಂಡು ಹೋಗಿ. ಸ್ಪೂಲಿಗೆ ಕಟ್ಟಿ ನಾಲ್ಕು ಸುತ್ತು ಸುತ್ತಿ, ಡ್ರ್ಯಾಗ್ ಅರ್ಧ ಬಿಗಿ ಮಾಡಿ, ಲೈನ್ ಹಿಡಿದು ತುಂಬಾ ನಿಧಾನಕ್ಕೆ ಎಳೆಯಿರಿ. ಮೊದಲು ಕಚ್ಚಿಕೊಂಡು ಆಮೇಲೆ ಟಕ್ ಅಂತ ಬಿಟ್ಟರೆ ಆ ರೀಲ್ ಬೇಡ. ದೊಡ್ಡ ಮೀನು ಮೊದಲ ಸಲ ಓಡುವಾಗ ಲೈನ್ ಕಡಿಯುವುದು ಆ ಟಕ್‌ನಲ್ಲೇ. ಎಳೆದಷ್ಟೂ ಒಂದೇ ಹದದಲ್ಲಿ ಬರಬೇಕು. ಆಮೇಲೆ ಬೇಲ್ (ಲೈನನ್ನು ಸ್ಪೂಲಿಗೆ ಸುತ್ತುವ ತಂತಿ ಬಳೆ) ತೆರೆದು ರೀಲನ್ನು ಎಸೆಯುವ ರೀತಿ ಜೋರಾಗಿ ಬೀಸಿ ನೋಡಿ. ಬೇಲ್ ತಾನಾಗಿ ಮುಚ್ಚಿಕೊಂಡರೆ ಅಲ್ಲೇ ವಾಪಸ್ ಇಡಿ. 120 ಗ್ರಾಂ ಸೀಸ ಗಾಳಿಯಲ್ಲಿರುವಾಗ ಬೇಲ್ ಮುಚ್ಚಿದರೆ ಲೈನ್ ಕಡಿದು ಸೀಸ ಎಲ್ಲಿಗೆ ಬೇಕಾದರೂ ಹೋಗುತ್ತದೆ, ಪಕ್ಕದವರ ತಲೆಗೂ. ಬೇಲಿನ ತುದಿಯ ಸಣ್ಣ ರೋಲರ್ ಬೆರಳಲ್ಲಿ ತಿರುಗಿಸಿ, ಸಲೀಸಾಗಿ ತಿರುಗಬೇಕು. ಉಪ್ಪಿಗೆ ಮೊದಲು ಸಿಕ್ಕಿಹಾಕಿಕೊಳ್ಳುವುದು ಅದೇ, ಸಿಕ್ಕಿಕೊಂಡರೆ ಲೈನ್ ಉಜ್ಜಿ ಉಜ್ಜಿ ಸವೆಯುತ್ತದೆ.

ಹೆಸರು ಬೇಕಾದರೆ: ಪೆನ್ ಬ್ಯಾಟಲ್, ಡೈವಾ ಬಿಜಿ, ಎರಡೂ ಲೋಹದ ಮೈಯವು, ಈ ಕೆಲಸಕ್ಕೆ ಚೆನ್ನಾಗಿವೆ. ಅಷ್ಟು ಬೇಡ ಅಂದರೆ ಗ್ರಾಫೈಟ್ ಮೈಯ ಪೆನ್ ಪರ್ಸ್ಯೂಟ್. ಗ್ರಾಫೈಟ್‌ಗೆ ತುಕ್ಕು ಇಲ್ಲ, ಭಾರ ಬಿದ್ದಾಗ ಸ್ವಲ್ಪ ಬಾಗುತ್ತದೆ ಅಷ್ಟೇ. ನೀರು ನುಗ್ಗದಂತೆ ಸೀಲ್ ಮಾಡಿದ ಪೆನ್ ಸ್ಪಿನ್‌ಫಿಶರ್ ಹೊಸದು ಕೈಗೆಟುಕದಿರಬಹುದು. ಆದರೆ ಒಂದು ರೀಲಿನ ಹೊಸ ಆವೃತ್ತಿ ಬಂದಾಗ ಹಳೆಯದನ್ನು ಇಳಿಸಿ ಮಾರುತ್ತಾರೆ, ಆಗ ಕಣ್ಣಿಟ್ಟಿರಿ.

ಮರಳುಮನುಷ್ಯ

ರೀಲ್ ಜಾಸ್ತಿ ಮುಖ್ಯ ಅನ್ನುವುದಕ್ಕೆ ನನ್ನ ವೋಟೂ ಇದೆ. ರಾಡ್ ಬಗ್ಗೆ ಎರಡು ಎಚ್ಚರಿಕೆ.

ಟೆಲಿಸ್ಕೋಪ್ ಥರ ಎಳೆಯುವ ರಾಡ್ ತಗೊಳ್ಳಬೇಡಿ. ಅಗ್ಗ, ಚೀಲದಲ್ಲಿ ಹಿಡಿಯುತ್ತದೆ, ಆಸೆ ಆಗುತ್ತದೆ, ಗೊತ್ತು. ಮರಳು ಕಂತಿನ ನಡುವೆ ಹೊಕ್ಕರೆ ಬಿಚ್ಚಲೂ ಆಗದು, ಮುಚ್ಚಲೂ ಆಗದು. ಲೈನ್ ಹಾಯುವ ರಿಂಗ್‌ಗಳು ಎಸೆಯುವಾಗ ಓರೆಯಾಗುತ್ತವೆ. 100 ಗ್ರಾಂ ಮೇಲಿನ ಸೀಸಕ್ಕೆ ಎರಡು ತುಂಡಿನ ರಾಡ್ ಬೇಕು, ಸಾಗಿಸಲು ಕಷ್ಟ ಇದ್ದರೆ ಮೂರು ತುಂಡು.

ಎರಡನೆಯದು, ರೀಲಿಗೆ ಹತ್ತಿರದ ಮೊದಲ ರಿಂಗ್. ಸ್ಪಿನ್ನಿಂಗ್ ರೀಲಿಂದ ಲೈನ್ ದೊಡ್ಡ ಸುರುಳಿಯಾಗಿ ಹೊರಡುತ್ತದೆ. ಮೊದಲ ರಿಂಗ್ ಅಗಲ ಇರಬೇಕು, ರೀಲಿಂದ ದೂರ ಇರಬೇಕು. ಮೊದಲ ರಿಂಗೇ ಸಣ್ಣದಿದ್ದರೆ ಅದು ಮಲ್ಟಿಪ್ಲೈಯರ್‌ಗೆ ಮಾಡಿದ ರಾಡ್. ಬೆಲೆ ಇಳಿಸಿದ್ದಾರೆ ಅಂತ ಅದನ್ನು ತಂದು ಸ್ಪಿನ್ನಿಂಗ್ ರೀಲ್ ಹಾಕಿದರೆ ಲೈನ್ ರಿಂಗಿಗೆ ಹೊಡೆದುಕೊಂಡು ದೂರ ಹೋಗುವುದೇ ಇಲ್ಲ.

ಗ್ಲಾಸ್ ಮತ್ತು ಕಾರ್ಬನ್ ಬೆರೆಸಿದ ರಾಡ್ ನಿಮಗೆ ಸರಿ. ಅಗ್ಲಿ ಸ್ಟಿಕ್ ಬಿಗ್‌ವಾಟರ್ ಆ ಜಾತಿಯದು, ಏಟು ತಡೆಯುತ್ತದೆ, ಸ್ವಲ್ಪ ಭಾರ. ಎರೆ ಹಾಕಿ ಸ್ಟ್ಯಾಂಡಿನಲ್ಲಿ ನಿಲ್ಲಿಸುವವರಿಗೆ ಆ ಭಾರ ಲೆಕ್ಕಕ್ಕಿಲ್ಲ. ಇನ್ನೂ ಒಂದು ಲಾಭ ಇದೆ: ತೀರಾ ಗಡುಸು ರಾಡ್ ಝಟ್ ಅಂತ ಎಸೆದಾಗ ಮೆತ್ತನೆ ಎರೆ ಕೊಕ್ಕೆಯಿಂದ ಕಿತ್ತು ಬೇರೆ ಕಡೆ ಹಾರುತ್ತದೆ. ನಡು ತನಕ ಬಾಗುವ ರಾಡ್ ಹದವಾಗಿ ತಳ್ಳುತ್ತದೆ. ಆದರೂ ಸಿಗಡಿ, ಬೂತಾಯಿಗೆ ಎಲಾಸ್ಟಿಕ್ ದಾರ ಸುತ್ತಿಯೇ ಎಸೆಯಿರಿ.

ಹೊಸಗಾಳ

ಇದು ಯಾರೂ ಹೇಳಿರಲಿಲ್ಲ, ಥ್ಯಾಂಕ್ಸ್. ನನ್ನ ಪಟ್ಟಿಯಲ್ಲಿದ್ದ ಎರಡು ಟೆಲಿಸ್ಕೋಪ್ ರಾಡ್ ತೆಗೆದುಹಾಕಿದೆ. ಲೈನ್ ಯಾವುದು? ಬ್ರೇಡ್ (ಎಳೆ ಹೆಣೆದ ಲೈನ್) ಹಾಕಿದರೆ ದೂರ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ.

ತೆರೆಯಾಚೆ

ಬ್ರೇಡ್. ಅದೇ ಬಲಕ್ಕೆ ಎಷ್ಟೋ ಸಣ್ಣ, ಹಾಗಾಗಿ ದೂರವೂ ಹೋಗುತ್ತದೆ, ಸೆಳೆತವೂ ಕಮ್ಮಿ ಹಿಡಿಯುತ್ತದೆ, ಅದೇ ಸೀಸ ಚೆನ್ನಾಗಿ ಕೂರುತ್ತದೆ. ಹಿಗ್ಗುವುದಿಲ್ಲ, ಮೀನು ಮೂಸಿದರೂ ತುದಿ ಹೇಳುತ್ತದೆ.

ಉಪ್ಪುನೀರು

ಎಲ್ಲ ನಿಜ. ಆದರೂ ಹೊಸಬರಿಗೆ, ಬಜೆಟ್ ಬಿಗಿ ಇರುವವರಿಗೆ ಮೋನೋ. 0.35 ಮಿ.ಮೀ. ಸುತ್ತಮುತ್ತ, 15–20 ಪೌಂಡ್. ಅಗ್ಗ, ಗಂಟು ಹಾಕಲು ಸುಲಭ, ಚಿಪ್ಪು ಕಲ್ಲಿಗೆ ಉಜ್ಜಿದರೆ ಬ್ರೇಡಿನಷ್ಟು ಬೇಗ ಹೋಗುವುದಿಲ್ಲ. ಗಾಳಿ ಇರುವಾಗ ಬ್ರೇಡ್ ಸಡಿಲ ಸುತ್ತಿಕೊಂಡರೆ ಮುಂದಿನ ಎಸೆತದಲ್ಲಿ ಗಂಟಾಗಿ ಕೂರುತ್ತದೆ, ಅದನ್ನು ಕತ್ತರಿಸಿ ಬಿಸಾಡುವುದೇ ಸರಿ. ಎಸೆದ ಮೇಲೆ ಬೇಲನ್ನು ಹ್ಯಾಂಡಲ್ ತಿರುಗಿಸಿ ಮುಚ್ಚಬೇಡಿ, ಕೈಯಲ್ಲಿ ಮುಚ್ಚಿ, ಒಮ್ಮೆ ಲೈನ್ ಬಿಗಿ ಎಳೆದು ಆಮೇಲೆ ಸುತ್ತಿ. ಗಂಟು ಅರ್ಧಕ್ಕರ್ಧ ಕಮ್ಮಿ ಆಗುತ್ತದೆ.

ಯಾವುದೇ ಹಾಕಿ, ಶಾಕ್ ಲೀಡರ್ (ಎಸೆತದ ಏಟು ತಡೆಯಲು ಲೈನಿನ ತುದಿಗೆ ಕಟ್ಟುವ ದಪ್ಪ ಲೈನ್) ಬಿಡಬೇಡಿ. ಇದು ಆಯ್ಕೆ ಅಲ್ಲ, ಸುರಕ್ಷತೆ. ಸೀಸದ ಒಂದೊಂದು ಔನ್ಸಿಗೆ 10 ಪೌಂಡ್ ಬಲ ಅಂತ ಲೆಕ್ಕ. 4 ಔನ್ಸ್ ಎಸೆಯುವವರಿಗೆ 40 ಪೌಂಡ್, 5ಕ್ಕೆ 50. ಉದ್ದ ರಾಡಿನ ಎರಡರಷ್ಟು, ಮೇಲೆ ಸ್ಪೂಲಿನಲ್ಲಿ ಐದಾರು ಸುತ್ತು ಉಳಿಯಬೇಕು. ಗಂಟು ಬೆರಳಿಗೆ ತಾಗದಂತೆ ಸ್ಪೂಲಿನ ಹಿಂಬದಿಗೆ ಕೂರಿಸಿ. ಬ್ರೇಡ್ ಆದರೆ ತೋರುಬೆರಳಿಗೆ ತೊಗಲಿನ ಕವಚ, ಇಲ್ಲವಾದರೆ ಚರ್ಮ ಸೀಳುತ್ತದೆ. ಬ್ರೇಡನ್ನು ಬರೀ ಸ್ಪೂಲಿಗೆ ಕಟ್ಟಿದರೆ ಅಷ್ಟಕ್ಕಷ್ಟೂ ಜಾರುತ್ತದೆ, ಕೆಳಗೆ ಸ್ವಲ್ಪ ಮೋನೋ ಸುತ್ತಿರಬೇಕು. ಸ್ಪೂಲಿನ ಅಂಚಿಗೆ 2 ಮಿ.ಮೀ. ಬಿಟ್ಟು ತುಂಬಿಸಿ. ಅರ್ಧ ತುಂಬಿದ ಸ್ಪೂಲಿಂದ ದೂರ ಸಿಗುವುದಿಲ್ಲ.

ಹಳೇರೀಲು

ತಡವಾಗಿ ಬಂದೆ. ಸೆಕೆಂಡ್ ಹ್ಯಾಂಡ್ ಬಗ್ಗೆ ಯಾರೂ ಮಾತೇ ಎತ್ತಿಲ್ವಲ್ಲ? ಇದೇ ಬಜೆಟ್ಟಿಗೆ ಒಂದು ದರ್ಜೆ ಮೇಲಿನದು ಸಿಗುತ್ತದೆ. ನೋಡಿ ತಗೊಳ್ಳಬೇಕು, ಅಷ್ಟೇ.

ರಾಡಿನ ಒಂದೊಂದು ರಿಂಗಿನ ಒಳಗೂ ಹತ್ತಿಯ ಎಳೆ ಆಡಿಸಿ. ಒಳಗಿನ ಸೆರಾಮಿಕ್ ಬಳೆ ಬಿರುಕು ಬಿಟ್ಟಿದ್ದರೆ ಕಣ್ಣಿಗೆ ಕಾಣದಿರಬಹುದು, ಹತ್ತಿ ಮಾತ್ರ ಸಿಕ್ಕಿಕೊಳ್ಳುತ್ತದೆ. ಅಂಥ ರಿಂಗ್ ಲೈನನ್ನು ಕೆರೆದು ಹಾಕುತ್ತದೆ. ತುದಿಯ ರಿಂಗ್ ವಿಶೇಷವಾಗಿ ನೋಡಿ, ರಾಡ್ ಬಿದ್ದಾಗ ಏಟು ಅದಕ್ಕೇ. ಎರಡು ತುಂಡು ಸೇರಿಸಿ ಅಲ್ಲಾಡಿಸಿ, ಕಟಕಟ ಅಂದರೆ ಬೇಡ. ಮೈಮೇಲೆ ಉಗುರು ಆಡಿಸಿ, ಆಳದ ಗೀರು ಸಿಕ್ಕರೆ ಕಾರ್ಬನ್ ರಾಡ್ ಅಲ್ಲಿಯೇ ಮುರಿಯುತ್ತದೆ. ರೀಲಿನ ಹ್ಯಾಂಡಲ್ ನಿಧಾನ ತಿರುಗಿಸಿ, ಮರಳು ಕೂತಿದ್ದರೆ ಕೈಗೆ ಕರಕರ ಅಂತ ಗೊತ್ತಾಗುತ್ತದೆ. ಸ್ಪೂಲ್ ಬಿಚ್ಚಿ ಒಳಗಿನ ಕಂಬ ನೋಡಿ, ಮಾರುವವರು ಹೊರಗೆ ಒರೆಸಿರುತ್ತಾರೆ, ಅಲ್ಲಿ ಒರೆಸಿರುವುದಿಲ್ಲ.

ರಾಡ್, ರೀಲ್ ಸೇರಿಸಿ ಒಂದೇ ಪೊಟ್ಟಣದಲ್ಲಿ ಮಾರುವ ಕಾಂಬೋ ಸಹ ಕೆಟ್ಟದ್ದೇನಲ್ಲ. ರಾಡಿನ ತೂಕದ ನಂಬರ್ ನಿಮ್ಮ ಸೀಸಕ್ಕೆ ಹೊಂದುತ್ತಾ ನೋಡಿ. ಅದರಲ್ಲಿ ಸುತ್ತಿ ಕೊಟ್ಟಿರುವ ಲೈನ್ ಮಾತ್ರ ತೆಗೆದು ಬಿಸಾಡಿ.

ಮರಳುಮನುಷ್ಯ

ಸ್ಟ್ಯಾಂಡಿಗೂ ಬಜೆಟ್ಟಲ್ಲಿ ಜಾಗ ಇಡಿ. ಪಿವಿಸಿ ಪೈಪ್ ಸಾಕು, ಒಂದು ತುದಿ ಓರೆಯಾಗಿ ಕತ್ತರಿಸಿದರೆ ಮರಳಿಗೆ ಇಳಿಯುತ್ತದೆ. ಅರ್ಧ ಮೀಟರ್ ಆದರೂ ಒಳಗೆ ಹೋಗಬೇಕು. ರಾಡನ್ನು ನಿಲ್ಲಿಸಿ ಡ್ರ್ಯಾಗ್ ಪೂರ್ತಿ ಬಿಗಿ ಇಟ್ಟು ಚಹಾ ಕುಡಿಯಲು ಹೋದವರ ರಾಡ್ ಸಮುದ್ರಕ್ಕೆ ಹೋಗಿರುವುದನ್ನು ಕಣ್ಣಾರೆ ನೋಡಿದ್ದೇನೆ, ಒಂದೇ ಎಳೆತ, ಪೈಪ್ ಸಮೇತ. ಶಿಮಾನೋ ಬೇಟ್‌ರನ್ನರ್ ಥರದ ರೀಲಿನಲ್ಲಿ ಹಿಂದೆ ಒಂದು ಲಿವರ್ ಇರುತ್ತದೆ, ಅದನ್ನು ಹಾಕಿದರೆ ಸ್ಪೂಲ್ ಸಡಿಲ, ಮೀನು ಎರೆ ಎತ್ತಿಕೊಂಡು ಓಡಬಹುದು, ಹ್ಯಾಂಡಲ್ ತಿರುಗಿಸಿದ ಕೂಡಲೇ ಮಾಮೂಲಿ ಡ್ರ್ಯಾಗ್. ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಡ್ರ್ಯಾಗ್ ಸಡಿಲ ಇಡಿ.

ಹಾಂ, ಕಾರ್ಬನ್ ಇರುವ ರಾಡ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಮೇಲೆ ಕರೆಂಟ್ ತಂತಿ ಇರುವ ಕಡೆ ಎತ್ತಿಕೊಂಡು ನಡೆಯಬೇಡಿ, ಗುಡುಗು ಕೇಳಿದರೆ ಕೆಳಗಿಟ್ಟು ಹೊರಡಿ.

ಉಪ್ಪುನೀರು

ಮನೆಗೆ ಬಂದ ಮೇಲೆ: ಡ್ರ್ಯಾಗ್ ಬಿಗಿ ಮಾಡಿ ಸಿಹಿ ನೀರು ಮೆಲ್ಲಗೆ ಸುರಿಯಿರಿ. ಪೈಪಿನ ಜೋರು ಧಾರೆ ಬೇಡ, ಉಪ್ಪನ್ನು ಒಳಗೇ ತಳ್ಳುತ್ತದೆ. ಒಣಗಿದ ಮೇಲೆ ಡ್ರ್ಯಾಗ್ ಸಡಿಲಿಸಿ, ರೋಲರ್‌ಗೆ ಒಂದು ತೊಟ್ಟು ಎಣ್ಣೆ. ರಾಡಿನ ತುಂಡುಗಳನ್ನು ಅದೇ ದಿನ ಬಿಚ್ಚಿಡಿ. ಮತ್ತೆ ದಡದಲ್ಲಿ ರೀಲನ್ನು ಮರಳಿನ ಮೇಲೆ ಇಡಲೇಬೇಡಿ, ಒಂದು ನಿಮಿಷಕ್ಕೂ ಬೇಡ.

ಹೊಸಗಾಳ

ನಿನ್ನೆ ದಡಕ್ಕೆ ಹೋಗಿ ಕೇಳಿ ಬಂದೆ. ಅಲ್ಲಿ 4 ಔನ್ಸ್ ಪಿರಮಿಡ್ ಕಟ್ಟುತ್ತಾರೆ, ಸೆಳೆತ ಜೋರಿದ್ದರೆ 5. ತಗ್ಗು ಕಾಣಿಸಿತು, ದೂರ ಇಲ್ಲ. ಹಾಗಾಗಿ 11 ಅಡಿ, ಎರಡು ತುಂಡು, ಗ್ಲಾಸ್ ಕಾರ್ಬನ್ ಬೆರೆತದ್ದು, 6000 ಲೋಹದ ರೀಲ್, 0.35 ಮೋನೋ, 50 ಪೌಂಡ್ ಲೀಡರ್. ರಾಡ್ ಮಾತ್ರ ಎರಡರ ನಡುವೆ ಸಿಕ್ಕಿಕೊಂಡಿದ್ದೇನೆ, ಒಂದರಲ್ಲಿ 3–6 ಔನ್ಸ್, ಇನ್ನೊಂದರಲ್ಲಿ 4–8. ಹಿಡಿಯ ಉದ್ದವೂ ಬೇರೆ ಬೇರೆ.

ಸೀಸದಗುಂಡು

5 ಔನ್ಸ್ ಸೀಸಕ್ಕೆ ಎರೆ ಸೇರಿಸಿದರೆ 6 ದಾಟುತ್ತದೆ. ದೊಡ್ಡ ತುಂಡು ಹಾಕುವವರಾದರೆ 4–8 ತಗೊಳ್ಳಿ. ಸಿಗಡಿ, ಬೊಂಡಾಸದ ಪಟ್ಟಿ ಇಷ್ಟೇ ಆದರೆ 3–6 ಕೈಗೆ ಹಗುರ, ಸಣ್ಣ ಮೀನೂ ಗೊತ್ತಾಗುತ್ತದೆ. ಹಿಡಿಯ ಉದ್ದ ನೋಡಲು ರಾಡಿನ ಬುಡ ಕಂಕುಳಲ್ಲಿಟ್ಟು ಅದೇ ಕೈ ಚಾಚಿ. ರೀಲ್ ಕೂರುವ ಜಾಗ ಅಂಗೈಗೆ ಸಿಗಬೇಕು. ಅದಕ್ಕಿಂತ ಮುಂದೆ ಹೋಗಿದ್ದರೆ ಎಸೆಯುವಾಗ ಭುಜ ಎಳೆಯುತ್ತದೆ, ಅದು ಎಷ್ಟೇ ಒಳ್ಳೆ ರಾಡ್ ಆಗಿದ್ದರೂ ಬಿಟ್ಟುಬಿಡಿ.